ಆವೇಶವಿಲ್ಲದ ನೊರೆ



ಬೆಂಗಳೂರಿನ ಹೊರವಲಯದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದವನು. ಒಂದು ಡಿಸೆಂಬರಿನ ಬೆಳಿಗ್ಗೆ ಪಾಳಿಗೆ ಹೋದಾಗ ಬಣ್ಣದ ಮನೆಯ ಮೇಸ್ತ್ರಿ ನೀಲಿ ಬಟ್ಟೆಯೊಂದನ್ನು ನನ್ನ ಮೇಜಿನ ಮೇಲೆ ಹಾಸಿಕೊಂಡು ಕಾಯುತ್ತಿದ್ದರು. ಬಟ್ಟೆಯ ಮೇಲೆ ಅಲ್ಲಲ್ಲಿ ತಿಳಿ ಮಚ್ಚೆ, ಹಳೇ ಗೋಡೆಯ ಸುಣ್ಣ ಎದ್ದ ಹಾಗೆ.

“ಬಣ್ಣದ್ದೇನೂ ತಪ್ಪಿಲ್ಲ ಸಾರ್. ಬಟ್ಟೆ ನೀರು ಕುಡೀಲಿಲ್ಲ, ಅಷ್ಟೇ” ಅಂದರು.

ಅವರ ಮಾತು ನಿಜವಾಗಿತ್ತು. ಮಗ್ಗದಿಂದ ಬಂದ ಕೋರಾ ಬಟ್ಟೆ ನೀರು ಕುಡಿಯುವುದಿಲ್ಲ. ಹತ್ತಿಯ ಎಳೆಯ ಮೇಲೆ ಗಿಡವೇ ಹಚ್ಚಿಕೊಟ್ಟ ಮೇಣ ಇರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇರಲಿಕ್ಕಿಲ್ಲ, ಆದರೆ ನೀರನ್ನು ಹೊರಗೇ ನಿಲ್ಲಿಸಲು ಅಷ್ಟು ಸಾಕು. ಅದಕ್ಕೇ ಬಣ್ಣಕ್ಕೆ ಮೊದಲು ಬಟ್ಟೆಯನ್ನು ಕಾಸ್ಟಿಕ್ ಸೋಡಾ ಹಾಕಿ ಕುದಿಸುತ್ತೇವೆ. ಆ ನೀರಿಗೆ ಲೀಟರಿಗೆ ಒಂದೆರಡು ಗ್ರಾಂನಷ್ಟು ‘ವೆಟ್ಟಿಂಗ್ ಆಯಿಲ್’ ಬೀಳುತ್ತದೆ. ಆಯಿಲ್ ಅನ್ನುವುದು ಕಾರ್ಖಾನೆಯ ರೂಢಿಯ ಮಾತು. ಅದು ಎಣ್ಣೆಯಲ್ಲ, ಸೋಪೂ ಅಲ್ಲ.

ಸ್ಟೋರಿಗೆ ಹೋಗಿ ಡ್ರಮ್ಮಿನೊಳಗೆ ಬಗ್ಗಿ ನೋಡಿದೆವು. ಮೇಲೆ ಒಂದು ಮೊಳ ತಿಳಿಯಾದ ದ್ರವ, ಕೆಳಗೆ ಹೆರೆತುಪ್ಪದ ಹಾಗೆ ಬೆಳ್ಳಗೆ ಕೂತ ಗಟ್ಟಿ. ರಾತ್ರಿ ಪಾಳಿಯ ಹುಡುಗ ಮಗ್ಗು ಹಾಕಿ ಮೇಲಿನದನ್ನು ಮೊಗೆದುಕೊಂಡು ಹೋಗಿದ್ದ. ಅವನದೇನು ತಪ್ಪು? ತಿಳಿಯಾದದ್ದು ಒಳ್ಳೆಯದು, ಕೆಳಗಿನದು ಗಸಿ ಎಂದು ಮನೆಯಲ್ಲಿ ಕಲಿತದ್ದು. ಆ ಡ್ರಮ್ಮಿನ ಮಟ್ಟಿಗೆ ಮಾತ್ರ ಆ ಪಾಠ ಉಲ್ಟಾ. ಏಕೆ ಎನ್ನುವುದನ್ನು ಹೇಳಬೇಕಾದರೆ ಆ ದ್ರವದ ಸ್ವಭಾವದಿಂದಲೇ ಶುರುಮಾಡಬೇಕು.

ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಇಬ್ಬರ ನಡುವೆ ನಿಂತು ಮಾತಾಡಿಸುವ ಅಣುವಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಅದಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಸೋಪು ಈ ವಂಶದ ಹಿರಿಯ. ಸೋಪಿನ ತಲೆಯಲ್ಲಿ ಋಣ ವಿದ್ಯುದಾವೇಶ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳು ಧನ ಆವೇಶ ಹೊತ್ತು ಕಾದಿರುತ್ತವೆ. ಇವೆರಡೂ ಸೇರಿದರೆ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಗುಟು ಕಟ್ಟುತ್ತದೆ, ನೊರೆ ಬರುವುದಿಲ್ಲ. ನಾನಿವತ್ತು ಹೇಳಲು ಬಂದಿರುವ ಗುಂಪಿಗೆ ತಲೆಯಲ್ಲಿ ಯಾವ ಆವೇಶವೂ ಇಲ್ಲ. ಪುಸ್ತಕದಲ್ಲಿ ಅಯಾನುರಹಿತ ಎನ್ನುತ್ತಾರೆ, ಕಾರ್ಖಾನೆಯಲ್ಲಿ ನಾನ್‌ಅಯಾನಿಕ್ ಎನ್ನುತ್ತಾರೆ. ಆವೇಶ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥವಿದೆಯಲ್ಲ, ಎರಡೂ ಇಲ್ಲಿಗೆ ಹೊಂದುತ್ತವೆ. ಗಡಸು ನೀರು ಕೆಣಕಿದರೂ ಇದು ಕೆರಳುವುದಿಲ್ಲ. ಆಮ್ಲ, ಕ್ಷಾರ, ಉಪ್ಪು, ಬಣ್ಣ ಯಾರ ಜೊತೆಗೂ ಸಾಮಾನ್ಯವಾಗಿ ಜಗಳವಿಲ್ಲ.

ಆವೇಶವಿಲ್ಲದೆ ನೀರನ್ನು ಹಿಡಿದುಕೊಳ್ಳುವುದು ಹೇಗೆ? ಇದರ ತಲೆ ಎನ್ನುವುದು ನಿಜವಾಗಿ ಒಂದು ಉದ್ದನೆಯ ಸರ, ಎರಡೆರಡು ಇಂಗಾಲಕ್ಕೆ ಒಂದೊಂದು ಆಮ್ಲಜನಕ ಪೋಣಿಸಿದ ಸರ. ಪ್ರತಿ ಆಮ್ಲಜನಕವೂ ನೀರಿನ ಅಣುವನ್ನು ಸಡಿಲವಾಗಿ ಕೈಹಿಡಿಯುತ್ತದೆ. ಒಂದು ಕೈ ಬಲವಿಲ್ಲದ್ದು, ಒಂಬತ್ತು ಹತ್ತು ಕೈ ಸೇರಿದರೆ ಬಲ. ಈ ಸರವನ್ನು ಪೋಣಿಸುವ ಮಣಿಯ ಹೆಸರು ಎಥಿಲೀನ್ ಆಕ್ಸೈಡ್. 1930ರಲ್ಲಿ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಶೋಲರ್ ಮತ್ತು ವಿಟ್ವರ್ ಎಂಬ ರಸಾಯನಶಾಸ್ತ್ರಜ್ಞರು ಈ ಪೋಣಿಸುವ ವಿದ್ಯೆಯನ್ನು ಕಂಡುಕೊಂಡರು. ನಮ್ಮ ದೇಶದಲ್ಲಿ ಉತ್ತರಾಖಂಡದ ಕಾಶೀಪುರದ ಕಾರ್ಖಾನೆಯೊಂದು ಕಬ್ಬಿನ ಕಾಕಂಬಿಯಿಂದ ಬಂದ ಆಲ್ಕೋಹಾಲಿನಿಂದಲೇ ಎಥಿಲೀನ್ ಆಕ್ಸೈಡ್ ಮಾಡುತ್ತದೆ. ಮಂಡ್ಯದ ಕಡೆಯ ಕೇಳುಗರಿಗೆ ಕಾಕಂಬಿಯ ವಾಸನೆಯಿಂದ ಬಟ್ಟೆಯ ಬಿಳುಪಿನವರೆಗೆ ಒಂದು ದಾರಿಯಿದೆ ಎಂದು ಗೊತ್ತಾದರೆ ಸಂತೋಷವಾದೀತು.

ಎಷ್ಟು ಮಣಿ ಪೋಣಿಸಿದರು ಎನ್ನುವುದರ ಮೇಲೆ ಗುಣ ನಿಂತಿದೆ. 1949ರಲ್ಲಿ ಅಮೆರಿಕದ ಗ್ರಿಫಿನ್ ಎಂಬಾತ ಇದಕ್ಕೊಂದು ಅಳತೆಗೋಲು ಕೊಟ್ಟ. ಲೆಕ್ಕ ಬಾಯಲ್ಲೇ ಆಗುತ್ತದೆ. ಬಣ್ಣದ ಮನೆಗಳಲ್ಲಿ ಎನ್‌ಪಿ-9 ಎಂಬ ಸರಕು ಬಹಳ ಕಾಲ ಮನೆಮಾತಾಗಿತ್ತು. ಅದರ ಬಾಲ ನೋನೈಲ್‌ಫೀನಾಲ್, ತೂಕ 220. ಒಂದು ಮಣಿಯ ತೂಕ 44, ಒಂಬತ್ತಕ್ಕೆ 396. ಒಟ್ಟು 616ರಲ್ಲಿ ಮಣಿಯ ಪಾಲು ನೂರಕ್ಕೆ 64. ಅದನ್ನು 5ರಿಂದ ಭಾಗಿಸಿದರೆ ಹೆಚ್ಚುಕಡಿಮೆ 13. ಈ ಗೋಲಿನ ಮೇಲೆ 3ರಿಂದ 6ರವರೆಗಿನವು ಎಣ್ಣೆಯೊಳಗೆ ನೀರನ್ನು ಹಿಡಿದಿಡುತ್ತವೆ, 7ರಿಂದ 9ರವು ಒದ್ದೆ ಮಾಡುತ್ತವೆ, 13ರ ಆಸುಪಾಸಿನವು ಕೊಳೆ ಬಿಡಿಸುತ್ತವೆ. ಇಷ್ಟು ಸರಳವಾದ ಲೆಕ್ಕ ರಸಾಯನಶಾಸ್ತ್ರದಲ್ಲಿ ಕಮ್ಮಿ. ಇಂಥ ಲೆಕ್ಕ ಕಂಡರೆ ನನಗೆ ಸ್ವಲ್ಪ ಅನುಮಾನ ಬರುವುದೂ ಉಂಟು, ಆದರೆ ಇದು ಎಪ್ಪತ್ತು ವರ್ಷಕ್ಕೂ ಮೀರಿ ಬಾಳಿದೆ.

ಅಯಾನುರಹಿತ ಸರ್ಫ್ಯಾಕ್ಟಂಟ್ ಎಲ್ಲೆಲ್ಲಿ ದುಡಿಯುತ್ತದೆ ಎಂದು ಪಟ್ಟಿ ಮಾಡಹೊರಟರೆ ನನಗೆ ಕೊಟ್ಟ ಸಮಯ ಸಾಲದು. ಗೋಡೆಗೆ ಬಳಿಯುವ ಎಮಲ್ಷನ್ ಬಣ್ಣದಲ್ಲಿದೆ, ಚರ್ಮದ ಜಿಡ್ಡು ತೆಗೆಯುವಲ್ಲಿದೆ, ಯಂತ್ರದ ಬಿಡಿಭಾಗ ತೊಳೆಯುವ ತೊಟ್ಟಿಯಲ್ಲಿದೆ. ಐಸ್‌ಕ್ರೀಮ್ ಡಬ್ಬಿಯ ಮೇಲೆ ಎಮಲ್ಸಿಫೈಯರ್ 471 ಎಂದೋ 433 ಎಂದೋ ಸಣ್ಣ ಅಕ್ಷರ ಕಂಡರೆ ಅದೂ ಇದೇ ಬಳಗ, ತಿನ್ನಲು ತಕ್ಕಂತೆ ಶುದ್ಧ ಮಾಡಿದ ಕವಲು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಬಹಳ ಜನ ಹಾಕಿಸಿಕೊಂಡ ಕೋವಿಶೀಲ್ಡ್ ಲಸಿಕೆಯಲ್ಲೂ ಪಾಲಿಸಾರ್ಬೇಟ್ 80 ಎಂಬ ಅಯಾನುರಹಿತ ಸರ್ಫ್ಯಾಕ್ಟಂಟ್ ಚೂರು ಇತ್ತು. ನಮ್ಮ ಅಜ್ಜಿಯರು ರೇಷ್ಮೆ ಸೀರೆಯನ್ನೂ ಒಡವೆಯನ್ನೂ ತೊಳೆಯುತ್ತಿದ್ದ ಅಂಟುವಾಳಕಾಯಿಯ ಸಪೋನಿನ್‌ಗಳನ್ನೂ ಈ ಪಂಕ್ತಿಯಲ್ಲೇ ಕೂರಿಸುವುದು ವಾಡಿಕೆ. ಅಲ್ಲಿ ಮಣಿಸರದ ಬದಲು ಸಕ್ಕರೆಯ ಅಣುಗಳಿರುತ್ತವೆ.

ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಲ್ಲಿ ಇದರ ಕೆಲಸ ನೋಡುವಂಥದ್ದು. ಹೊಸ ಪ್ಯಾಂಟಿಗೆ ಹಳತರ ಕಳೆ ಬರಿಸಲು ಪ್ಯೂಮಿಸ್ ಕಲ್ಲು, ಕಿಣ್ವ ಹಾಕಿ ಯಂತ್ರದಲ್ಲಿ ಉರುಳಿಸುತ್ತಾರೆ. ಬಟ್ಟೆಯಿಂದ ಎದ್ದ ನೀಲಿ ನೀರಿಗೆ ಬರುತ್ತದೆ. ಬಂದ ನೀಲಿ ಸುಮ್ಮನಿರುವುದಿಲ್ಲ, ತಿರುಗಿ ಬಿಳಿ ಎಳೆಯ ಮೇಲೂ ಒಳಗಿನ ಜೇಬಿನ ಮೇಲೂ ಕೂರಲು ನೋಡುತ್ತದೆ. ಆ ನೀಲಿಯ ಕಣವನ್ನು ಸುತ್ತುವರಿದು ನೀರಿನಲ್ಲೇ ತೇಲಿಸಿಕೊಂಡು ಹೊರಗೆ ಸಾಗಿಸುವುದು ಅಯಾನುರಹಿತದ ಕೆಲಸ. ಕಿಣ್ವವನ್ನು ಕೆಡಿಸುವುದಿಲ್ಲ, ಗಡಸು ನೀರಿಗೆ ಅಂಜುವುದಿಲ್ಲ.

ಇನ್ನು ಅಡಿಕೆ ತೋಟ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನುಹತ್ತಿ ಅದರ ಮೂಲವನ್ನು ತೋರಿಸಿಕೊಟ್ಟವರು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್: ಆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಈ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಅಡಿಕೆಕಾಯಿಯ ಮೈಮೇಲೆ ಮೇಣವಿದೆ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಉರುಳಿ ಹೋಗುತ್ತದೆ. ಈ ದ್ರಾವಣಕ್ಕೆ ಬಟ್ಟೆ ಸೋಪು ಕದಡಿದರೆ ಸುಣ್ಣದ ಕ್ಯಾಲ್ಸಿಯಂ ಅದನ್ನು ಒಡೆದ ಹಾಲಿನ ಹಾಗೆ ಮಾಡಿ ನಳಿಕೆಯ ಬಾಯಿ ಕಟ್ಟಿಸುತ್ತದೆ. ಅಯಾನುರಹಿತ ಹಾಕಿದರೆ ಹನಿ ಚಪ್ಪಟೆಯಾಗಿ ಹರಡುತ್ತದೆ. ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್ ಇದ್ದದ್ದು 30ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಅಂಗಡಿಯವರು ಹರಡುವ ಸರಕಿಗೂ ಅಂಟಿಸುವ ಸರಕಿಗೂ ‘ಅಂಟು’ ಎಂದೇ ಹೇಳಿಬಿಡುತ್ತಾರೆ. ರಾಳದಂಥ ಅಂಟು ಒಣಗಿ ಹಿಡಿದುಕೊಳ್ಳುತ್ತದೆ. ಸರ್ಫ್ಯಾಕ್ಟಂಟ್ ಹರಡಿಸುತ್ತದೆ ಮಾತ್ರ. ಕೈ ಜೋರು ಮಾಡಿ ಸುರಿದರೆ ಔಷಧಿ ಕಾಯಿಯಿಂದ ತೊಟ್ಟಿಕ್ಕುತ್ತದೆ, ಮಳೆ ಬಂದಾಗ ಉಳಿದದ್ದೂ ಕರಗಿ ಇಳಿಯುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತುದಿಯಲ್ಲಿ ಜೀವ ಪಣಕ್ಕಿಟ್ಟು ಹೊಡೆದದ್ದು ಮರದ ಬುಡಕ್ಕೆ. ಮೇಲ್ಮೈ ಎಳೆತ ಇಳಿಯುವುದಕ್ಕೂ ಒಂದು ಮಿತಿಯಿದೆ, ಅದು ಬಹಳ ಕಡಿಮೆ ಪ್ರಮಾಣದಲ್ಲೇ ಮುಟ್ಟಿಬಿಡುತ್ತದೆ. ಸೀಸೆಯ ಮೇಲೆ ಬರೆದ ಅಳತೆಗಿಂತ ಹೆಚ್ಚಿಗೆ ಹಾಕಿದ್ದು ದುಡ್ಡಿಗೂ ದಂಡ, ಔಷಧಿಗೂ ದಂಡ.

ಈಗ ಇದರ ಒಂದು ವಿಚಿತ್ರ ಗುಣ. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ. ಇದು ಹಾಗಲ್ಲ. ಕಾಯಿಸುತ್ತ ಹೋದರೆ ನೀರಿನ ಜೊತೆಗಿನ ಆ ಸಡಿಲ ಕೈಗಳು ಬಿಟ್ಟುಕೊಳ್ಳುತ್ತವೆ. ಒಂದು ಹಂತದಲ್ಲಿ ತಿಳಿ ದ್ರಾವಣ ಥಟ್ಟನೆ ಮಜ್ಜಿಗೆ ನೀರಿನಂತೆ ಮಬ್ಬಾಗುತ್ತದೆ. ಇದಕ್ಕೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಎನ್‌ಪಿ-9ಕ್ಕೆ ಅದು ಸುಮಾರು 54 ಡಿಗ್ರಿ. ಪ್ರಯೋಗಾಲಯದಲ್ಲಿ ನಾನು ಬಂದ ಪ್ರತಿ ಲೋಡಿನ ಜಾತಕ ನೋಡುತ್ತಿದ್ದದ್ದು ಹೀಗೇ: ನೂರು ಭಾಗ ನೀರಿಗೆ ಒಂದು ಭಾಗ ಸರಕು, ಒಂದು ಪ್ರನಾಳ, ಒಂದು ಥರ್ಮಾಮೀಟರ್, ಕೆಳಗೆ ಬಿಸಿನೀರಿನ ಬೀಕರ್. ಮಬ್ಬಾಗುವ ತನಕ ಕಾಯಿಸಿ, ಆಮೇಲೆ ತಣಿಯಲು ಬಿಟ್ಟು, ಮತ್ತೆ ಯಾವಾಗ ತಿಳಿಯಾಯಿತು ಎಂದು ಬರೆದುಕೊಳ್ಳುವುದು. ಹತ್ತು ನಿಮಿಷದ ಕೆಲಸ. 54 ಬರಬೇಕಾದಲ್ಲಿ 47 ಬಂದರೆ ಮಣಿ ಕಡಿಮೆ ಪೋಣಿಸಿದ್ದಾರೆ, ಇಲ್ಲವೇ ಸರಕು ಹಳಸಿದೆ ಎಂದು ಅನುಮಾನ ಪಡಬೇಕು.

ಹಳಸುವುದೇ? ಹೌದು, ಇದೂ ಹಳಸುತ್ತದೆ. ಆ ಮಣಿಸರಕ್ಕೆ ಗಾಳಿಯ ಆಮ್ಲಜನಕ ತಗುಲಿದರೆ, ಜೊತೆಗೆ ಬಿಸಿಲೋ ಬಿಸಿಯೋ ಸೇರಿದರೆ, ಪೆರಾಕ್ಸೈಡುಗಳು ಹುಟ್ಟುತ್ತವೆ. ಸರ ಅಲ್ಲಲ್ಲಿ ತುಂಡಾಗಿ ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲದಂಥವು ಬರುತ್ತವೆ. ಬಣ್ಣ ಹಳದಿಗೆ ತಿರುಗುತ್ತದೆ, ಮೂಗಿಗೆ ಹುಳಿ ವಾಸನೆ ಹೊಡೆಯುತ್ತದೆ. ಕಬ್ಬಿಣ, ತಾಮ್ರದ ಸೋಂಕು ಇದನ್ನು ಇನ್ನೂ ಬೇಗ ಮಾಡಿಸುತ್ತದೆ. ಆದ್ದರಿಂದ ದೊಡ್ಡ ಟ್ಯಾಂಕಾದರೆ ಸ್ಟೇನ್‌ಲೆಸ್ ಸ್ಟೀಲಿನದು ಅಥವಾ ಒಳಗೆ ಲೇಪ ಹೊಡೆದದ್ದು, ಮೇಲಿನ ಖಾಲಿ ಜಾಗಕ್ಕೆ ಸಾರಜನಕದ ಹೊದಿಕೆ. ಸಣ್ಣ ಪ್ರಮಾಣಕ್ಕೆ ಗಟ್ಟಿ ಪ್ಲಾಸ್ಟಿಕ್ ಡ್ರಮ್ಮು ಸಾಕು, ಹಿತ್ತಾಳೆಯ ನಲ್ಲಿ ಮಾತ್ರ ಬೇಡ. ನೆರಳಿರಬೇಕು, ಗಾಳಿಯಾಡಬೇಕು, ಬಹಳ ದಿನ ಇಡುವ ಕಡೆ 40 ಡಿಗ್ರಿ ದಾಟಬಾರದು. ತಗಡಿನ ಚಾವಣಿಯ ಕೆಳಗೆ ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೂ ಗೊತ್ತು. ಕನಿಷ್ಠ ಪಕ್ಷ ಮೊದಲು ಬಂದ ಡ್ರಮ್ಮನ್ನು ಮೊದಲು ಖರ್ಚು ಮಾಡಬಹುದು, ತೆಗೆದ ಮುಚ್ಚಳವನ್ನು ಹಾಕಬಹುದು. ಬ್ಲೀಚಿಂಗ್‌ಗೆ ತಂದ ಕ್ಲೋರಿನ್ ದ್ರಾವಣವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಅದರ ಮಗ್ಗುಲಿಗೇ ಇಡದೆ ಬೇರೆ ಕಡೆ ಇಡಬಹುದು.

ಚಳಿಯ ಕಥೆಗೆ ಬರುತ್ತೇನೆ. ಪೋಣಿಸುವಾಗ ಎಲ್ಲ ಅಣುವಿಗೂ ಲೆಕ್ಕ ಹಾಕಿ ಏಳೇಳು ಮಣಿ ಬೀಳುವುದಿಲ್ಲ. ಕೆಲವಕ್ಕೆ ಮೂರು, ಕೆಲವಕ್ಕೆ ಹನ್ನೆರಡು, ಸರಾಸರಿ ಏಳು. ನಮ್ಮ ಡ್ರಮ್ಮಿನಲ್ಲಿದ್ದದ್ದು ಎನ್‌ಪಿ-9 ಅಲ್ಲ, ಕೊಬ್ಬಿನ ಆಲ್ಕೋಹಾಲಿಗೆ ಏಳು ಮಣಿ ಪೋಣಿಸಿದ ಸರಕು. 20 ಡಿಗ್ರಿಯ ಆಸುಪಾಸಿನಲ್ಲಿ ಅದು ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. ಉದ್ದ ಸರದವು ಮೊದಲು ಗಟ್ಟಿಯಾಗಿ ತಳಕ್ಕೆ ಕೂರುತ್ತವೆ, ಗಿಡ್ಡ ಸರದವು ದ್ರವವಾಗಿ ಮೇಲೆ ಉಳಿಯುತ್ತವೆ. ಹುಡುಗ ಮೊಗೆದದ್ದು ಈ ಗಿಡ್ಡ ಸರದ್ದು, ಬಿಸಿ ಕ್ಷಾರದಲ್ಲಿ ಕರಗದೆ ಎಣ್ಣೆಯಂತೆ ತೇಲುವಂಥದ್ದು. ಡ್ರಮ್ಮಿನ ಮೇಲಿನ ಚೀಟಿಯಲ್ಲಿ ಬರೆದ ಸರಕು ಆ ಮಗ್ಗಿನಲ್ಲಿ ಇರಲೇ ಇಲ್ಲ. ಇದಕ್ಕೆ ಪರಿಹಾರ ಸುಲಭ: ಬಿಸಿ ಕೋಣೆಯಲ್ಲೋ ಬಿಸಿನೀರಿನ ತೊಟ್ಟಿಯಲ್ಲೋ 40, 45 ಡಿಗ್ರಿಗೆ ತಂದು, ಡ್ರಮ್ಮು ಪೂರ್ತಿ ಕರಗಿದ ಮೇಲೆ ಉರುಳಿಸಿ ಕಲಸಿ ಆಮೇಲೆ ಮೊಗೆಯುವುದು. ಒಂದು ಕಡೆ ಡ್ರಮ್ಮಿನ ಬುಡಕ್ಕೆ ಸೌದೆ ಒಲೆ ಹಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಎಂದಿಗೂ ಮಾಡಕೂಡದು.

ನೀರು ಬೆರೆಸುವಾಗ ಇನ್ನೊಂದು ಪೇಚು. ಸರಕಿನ ಮೇಲೆ ನೀರು ಸುರಿದರೆ ಎರಡೂ ಹೆಚ್ಚುಕಡಿಮೆ ಸಮಪಾಲಾದಾಗ ತಾಟಿನಿಂಗಿನಂಥ ಜಾರುವ ಗಟ್ಟಿ ಕಟ್ಟುತ್ತದೆ. ಪಂಪಿನಲ್ಲಿ, ಪೈಪಿನಲ್ಲಿ ಇದು ಕಟ್ಟಿಕೊಂಡರೆ ಬಿಡಿಸಲು ಅರ್ಧ ದಿನ. ಮಳೆಗಾಲದಲ್ಲಿ ಬಯಲಲ್ಲಿ ನಿಂತ ಡ್ರಮ್ಮಿನ ತಲೆಯ ಮೇಲೆ ನೀರು ನಿಂತು ಮುಚ್ಚಳದ ಸಂದಿಯಿಂದ ಇಳಿದರೂ ಇದೇ ಗತಿ. ಮುದ್ದೆ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ: ನೀರಿಗೆ ಹಿಟ್ಟು ಬೀಳಬೇಕು, ಹಿಟ್ಟಿನ ರಾಶಿಗೆ ನೀರಲ್ಲ. ಉಗುರುಬೆಚ್ಚಗಿನ ನೀರನ್ನು ತಿರುಗಿಸುತ್ತ ಇದನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಗಂಟಿಲ್ಲದೆ ಕರಗುತ್ತದೆ.

ಬೆಂಕಿಯ ವಿಷಯದಲ್ಲಿ ಜನ ಮೋಸಹೋಗುವುದು ಇಲ್ಲೇ. ಇವು ಪೆಟ್ರೋಲಿನ ಹಾಗೆ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಹೆಚ್ಚಿನವುಗಳ ಆವಿ ಹೊತ್ತಬೇಕಾದರೆ 150 ಡಿಗ್ರಿ ದಾಟಿರಬೇಕು. ಆದರೆ ಹಬೆಯ ಪೈಪಿಗೆ ಸುತ್ತಿದ ಗಾಜುನಾರಿನ ಹೊದಿಕೆಯೊಳಕ್ಕೆ ಎಲ್ಲಿಂದಲೋ ತೊಟ್ಟು ತೊಟ್ಟಾಗಿ ಸೋರಿ ಇಳಿದರೆ ಕತೆ ಬೇರೆ. ಅಲ್ಲಿ ಬಿಸಿಯಿದೆ, ಗಾಳಿಯಿದೆ, ಎಳೆ ಎಳೆಗೂ ದ್ರವ ಸವರಿದೆ. ಆಮ್ಲಜನಕದ ಜೊತೆ ಒಳಗೊಳಗೇ ವರ್ತಿಸಿ ಹುಟ್ಟಿದ ಶಾಖ ಹೊರಗೆ ಹೋಗಲಾರದೆ ಕೂಡುತ್ತದೆ, ಒಂದು ದಿನ ಹೊಗೆ ಎದ್ದು ಉರಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಗುಡ್ಡೆ ಹಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂದು ಬಡಗಿಗಳಿಗೆ ಗೊತ್ತಿದೆಯಲ್ಲ, ಅದೇ ಗುಟ್ಟು. ನೆನೆದ ಹೊದಿಕೆಯನ್ನು ಒಣಗಿಸಿ ಉಳಿಸುವ ಉಳಿತಾಯ ಬೇಡ, ಕಿತ್ತು ತೆಗೆಯಬೇಕು.

ನೆಲಕ್ಕೆ ಚೆಲ್ಲಿದರೆ ಮೊದಲ ಅಪಾಯ ವಿಷವಲ್ಲ, ಜಾರುವುದು. ಪೈಪು ತಂದು ನೀರು ಬಿಟ್ಟರೆ ನೊರೆ ಮೊಳಕಾಲಿಗೆ ಬರುತ್ತದೆ, ಜಾರು ಹೆಚ್ಚುತ್ತದೆ. ಮರಳು ಹಾಕಿ ಹೀರಿಸಿ, ಸಲಿಕೆಯಲ್ಲಿ ಎತ್ತಿ, ಕೊನೆಗೆ ಸ್ವಲ್ಪ ನೀರಲ್ಲಿ ಒರೆಸಬೇಕು. ಕಣ್ಣಿಗೆ ಹಾರಿದರೆ ಮಾತ್ರ ಆಟವಲ್ಲ. ಸಾಂದ್ರವಾದದ್ದು ಕಣ್ಣಿನ ಪಾರದರ್ಶಕ ಪೊರೆಯನ್ನೇ ಕೆಡಿಸಬಲ್ಲದು. ರೆಪ್ಪೆ ಅಗಲಿಸಿ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ, ಗಡಿಯಾರ ನೋಡಿಕೊಂಡು ತೊಳೆದು, ಆಮೇಲೆ ಡಾಕ್ಟರ ಹತ್ತಿರ. ನುಂಗಿದವರಿಗೆ ವಾಂತಿ ಮಾಡಿಸಬಾರದು. ಬರುವಾಗ ನೊರೆಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನುಂಗುವವರು ಯಾರು ಎಂದು ಕೇಳಬೇಡಿ. ಹಳೇ ನೀರಿನ ಬಾಟಲಿಗೋ ಶರಬತ್ತಿನ ಬಾಟಲಿಗೋ ಬಗ್ಗಿಸಿಕೊಂಡು ಮನೆಗೆ ಒಯ್ಯುವ ಚಾಳಿ ಎಲ್ಲ ಕಡೆ ಇದೆ, ಮನೆಯಲ್ಲಿ ಮಕ್ಕಳೂ ಇರುತ್ತಾರೆ.

ಚರಂಡಿಗೆ ಬಿಡುವ ಮಾತು ಬಂದಾಗ ಎನ್‌ಪಿ-9ರ ಕಥೆ ಹೇಳಲೇಬೇಕು. ನೀರಿನ ಸೂಕ್ಷ್ಮಜೀವಿಗಳು ಅದರ ಮಣಿಗಳನ್ನು ಒಂದೊಂದಾಗಿ ತಿನ್ನುತ್ತವೆ, ಬಾಲವನ್ನು ಉಳಿಸುತ್ತವೆ. ಉಳಿದ ನೋನೈಲ್‌ಫೀನಾಲ್ ಮೂಲಕ್ಕಿಂತ ಕೆಟ್ಟದ್ದು. 1991ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ, ಕಾರ್ಲೋಸ್ ಸೋನೆನ್‌ಶೈನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಗತಿ ಇದು: ಪ್ರಯೋಗಾಲಯದ ಪ್ಲಾಸ್ಟಿಕ್ ನಳಿಕೆಯಿಂದ ಒಸರಿದ ನೋನೈಲ್‌ಫೀನಾಲ್ ಸ್ತ್ರೀ ಹಾರ್ಮೋನಿನಂತೆ ನಟಿಸಿ ಜೀವಕೋಶಗಳನ್ನು ಬೆಳೆಸುತ್ತಿತ್ತು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಉಣ್ಣೆ ತೊಳೆಯುವ ಕಾರ್ಖಾನೆಗಳ ನೀರು ಸೇರುತ್ತಿದ್ದ ಏರ್ ನದಿಯಲ್ಲಿ, ಮೊಟ್ಟೆಯ ಹಳದಿಗೆಂದು ಹೆಣ್ಣು ಮೀನು ತಯಾರಿಸುವ ಪ್ರೋಟೀನನ್ನು ಗಂಡು ಮೀನುಗಳು ತಯಾರಿಸಿದವು. 2003ರಲ್ಲಿ ಯುರೋಪ್ ಎನ್‌ಪಿ-9ರಂಥ ಸರಕುಗಳ ಬಳಕೆಗೆ ಕಡಿವಾಣ ಹಾಕಿತು. 2021ರಿಂದ ಅಲ್ಲಿಗೆ ಹೋಗುವ, ಒಗೆಯಬಹುದಾದ ಬಟ್ಟೆಯಲ್ಲಿ ನೂರಕ್ಕೆ 0.01ಕ್ಕಿಂತ ಹೆಚ್ಚು ಇರಕೂಡದು. ನಮ್ಮ ಮೇಸ್ತ್ರಿಗಳಿಗೆ ಎನ್‌ಪಿ-9 ಬಿಡುವುದು ಹಳೇ ನೆಂಟನನ್ನು ಬಿಟ್ಟಷ್ಟು ಕಷ್ಟವಾಯಿತು. ಬದಲಿಗೆ ಬಂದದ್ದೇ ಕೊಬ್ಬಿನ ಆಲ್ಕೋಹಾಲಿನ ಸರಕು. ಅದು ನದಿಯಲ್ಲಿ ಬೇಗ ಕೊಳೆಯುತ್ತದೆ, ಡಿಸೆಂಬರಿನಲ್ಲಿ ಹೆಪ್ಪುಗಟ್ಟುತ್ತದೆ. ನೀಲಿ ಬಟ್ಟೆಯ ಮಚ್ಚೆ ನಾವು ಆ ಬದಲಾವಣೆಗೆ ತೆತ್ತ ಮೊದಲ ಕಂತು. ನನ್ನ ಕೇಳಿದರೆ ದುಬಾರಿಯೇನಲ್ಲ. ಕೊಳೆಯುತ್ತದೆ ಎಂದ ಮಾತ್ರಕ್ಕೆ ಇದನ್ನು ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ. ಕೊಳೆಯುವ ಮೊದಲು ಇದೂ ಮೀನಿನ ಕಿವಿರನ್ನು ಕೆಡಿಸುತ್ತದೆ.

ಆ ಡಿಸೆಂಬರಿನ ನಂತರ ನಮ್ಮ ಸ್ಟೋರಿನಲ್ಲಿ ಒಂದು ಸಣ್ಣ ಬಿಸಿ ಕೋಣೆ ಕಟ್ಟಿಸಿದೆವು, ಮಗ್ಗನ್ನು ಅಡಗಿಸಿಟ್ಟೆವು. ಖಾಲಿ ಡ್ರಮ್ಮಿನದೇ ತಲೆನೋವು ಉಳಿಯಿತು. ನೀಲಿ ಬಣ್ಣದ, 200 ಲೀಟರಿನ, ಗಟ್ಟಿ ಡ್ರಮ್ಮು. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಅದನ್ನು ಬೇಡ ಎನ್ನುವವರು ಯಾರು? ಕಾರ್ಖಾನೆಯ ಗೇಟಿನ ಬಳಿ ಹೆಂಗಸರು ಬಂದು ಕಾವಲುಗಾರನನ್ನು ಕೇಳುತ್ತಿದ್ದರು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಒಳಮೈ ಹೀರಿಕೊಂಡದ್ದು ಪೂರ್ತಿ ಬರುವುದಿಲ್ಲ ಎಂದು ನಾನು ಹೇಳಿ ನೋಡಿದೆ. “ಘಮಘಮ ಅಂತ ಇದೆಯಲ್ಲಾ ಸ್ವಾಮಿ, ಸೋಪಿನ ಡ್ರಮ್ಮೇ ತಾನೆ?” ಎಂದು ಒಬ್ಬಾಕೆ ನಕ್ಕರು. ಮೂರು ಸಲ ತೊಳೆದು, ತೊಳೆದ ನೀರನ್ನು ಮುಂದಿನ ಕುದಿತದ ತೊಟ್ಟಿಗೇ ಹಾಕಿ, ಡ್ರಮ್ಮಿನ ಬುಡಕ್ಕೆ ಮೂರು ತೂತು ಹೊಡೆದು ಗುಜರಿಗೆ ಕಳಿಸಲು ಶುರುಮಾಡಿದೆವು. ತೂತು ಹೊಡೆಸಿದ ಆ ಮೊದಲ ದಿನ ಗೇಟಿನ ಬಳಿ ನಾನು ತಿಂದ ಬೈಗುಳ ಇನ್ನೂ ಕಿವಿಯಲ್ಲಿದೆ.